ಬಾಗಿಲಲ್ಲಿ ಕೆಂಪು ಬಟ್ಟೆ

ಮನೆಯಿಂದ,
ಶುಕ್ರವಾರ ಬೆಳಗ್ಗೆ

ಪ್ರೀತಿಯ ಅಪ್ಪಾ,

ಹೇಗಿದ್ದೀರಿ? ಮೊಣಕಾಲಿನ ನೋವು ಕಡಿಮೆಯಾಯಿತೇ? ಹಡಗಿನವರಿಗೆಲ್ಲ ಅಡುಗೆ ಮಾಡಿ ಬಡಿಸಿ, ನೀವು ಮಾತ್ರ ತಣ್ಣಗಾದದ್ದನ್ನು ನಿಂತುಕೊಂಡೇ ತಿನ್ನುತ್ತೀರೆಂದು ಅಜ್ಜಿಗೆ ಚಿಂತೆ. ಕೂತು ಉಣ್ಣಬೇಕಂತೆ. ಇಲ್ಲಿ ನಾವು ಮೂವರೂ ಚೆನ್ನಾಗಿದ್ದೇವೆ, ನನ್ನ ಹೊಲಿಗೆ ಯಂತ್ರವೂ ಚೆನ್ನಾಗಿದೆ.

ಅಕ್ಕನ ರೈಲು ಓಡಿಸುವ ಕೆಲಸದ ಸಂದರ್ಶನ ಮುಗಿಯಿತು. ವಯಸ್ಸು ಮೀರುತ್ತಿರುವುದರಿಂದ ಅವಳಿಗೆ ಇದೇ ಕೊನೆಯ ಅವಕಾಶವೆಂದು ನಿಮಗೆ ಗೊತ್ತು. ಹೋದ ಸಲ ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಹೇಳಿ ಕೆಡಿಸಿಕೊಂಡಿದ್ದಳಲ್ಲ! ಹಾಲಿಗೆ ಹೆಪ್ಪು ಹಾಕಿ ಈ ಕಡೆ ತಿರುಗುವಷ್ಟರಲ್ಲಿ ಮೊಸರಾಯಿತೇ ಎಂದು ಮುಚ್ಚಳ ತೆಗೆದು ನೋಡುವವಳು ಅವಳು. ಅದಕ್ಕೆ ಅಜ್ಜಿಯೇ ಒಂದು ಉಪಾಯ ಹುಡುಕಿದರು. ನಾನು ಹೊಲಿದು ಉಳಿದ ಬಟ್ಟೆಚೂರುಗಳಲ್ಲಿ ಒಂದು ಕೆಂಪು, ಒಂದು ಹಸಿರು ಆರಿಸಿಟ್ಟುಕೊಂಡು, ತಮಗೆ ತೋಚಿದಾಗ ತೋಚಿದ ಬಣ್ಣವನ್ನು ಅಡುಗೆಮನೆ ಬಾಗಿಲಿಗೆ ತೂಗುಹಾಕುವುದು. ಕೆಂಪು ಇದ್ದರೆ ಅಕ್ಕ ಹೊಸ್ತಿಲಲ್ಲೇ ನಿಲ್ಲಬೇಕು, ಒಳಗೆ ಹಾಲು ಉಕ್ಕಿದರೂ ಸರಿ. ರೈಲಿನಲ್ಲಿ ಚಾಲಕರು ಸಿಗ್ನಲ್ ಕಂಡೊಡನೆ ಬಣ್ಣವನ್ನು ಗಟ್ಟಿಯಾಗಿ ಹೇಳುತ್ತಾರಂತೆ, ಪಕ್ಕದ ಸಹಾಯಕರು ತಾವೂ ನೋಡಿ ಅದನ್ನೇ ತಿರುಗಿ ಹೇಳಬೇಕಂತೆ. ನಮ್ಮ ಮನೆಯಲ್ಲಿ ಆ ಸಹಾಯಕಿ ನಾನು. ಅಂಗಡಿಯಲ್ಲಿ ಗುಂಡಿ ಕೇಳಲೂ ನಾಚುವ ನಾನು ಬೀದಿಗೆಲ್ಲ ಕೇಳುವಂತೆ “ಕೆಂಪು!” “ಹಸಿರು!” ಎಂದು ಕೂಗಿದೆ. ಎದುರುಮನೆಯ ಬಡಗಿ ಮಾಮ, “ಏನಮ್ಮಾ, ಬಣ್ಣದ ಅಂಗಡಿ ಇಟ್ರಾ?” ಎಂದು ಕೇಳಿದರು.

ಅಜ್ಜಿ ಎತ್ತರದ ಸ್ಟೂಲಿನ ಮೇಲೆ ಕೂತು ಪರೀಕ್ಷಕಿಯೂ ಆದರು. “ಹಳಿ ಮೇಲೆ ಹಸು ಬಂದ್ರೆ ಏನ್ ಮಾಡ್ತೀಯೇ?” ಹಾರ್ನ್ ಹೊಡೆದು ಬ್ರೇಕ್ ಹಾಕುತ್ತೇನೆ ಎಂದಳು ಅಕ್ಕ. “ಅದು ಕಿವುಡಾಗಿದ್ರೆ?” “ಅಯ್ಯೋ ಅಜ್ಜೀ, ಅದಕ್ಕೇ ತಾನೇ ಬ್ರೇಕು!” “ಸಾಹೇಬರ ಮೇಲೇ ರೇಗ್ತೀಯಾ? ನಡಿ ಆಚೆ, ಕೆಲಸ ಇಲ್ಲ!” ನಾನು ನಕ್ಕು ನಕ್ಕು ಸೂಜಿಯನ್ನು ಬೆರಳಿಗೇ ಚುಚ್ಚಿಕೊಂಡೆ.

ಸಂದರ್ಶನದ ದಿನ ಆದದ್ದು ಕೇಳಿ. ಆ ಕೋಣೆಯ ಬಾಗಿಲ ಮೇಲೆ ಕೆಂಪು ದೀಪ ಉರಿಯುತ್ತಿತ್ತಂತೆ. ಜವಾನ ಒಳಗೆ ಹೋಗೆಂದರೆ ಇವಳು ಕದಲಲಿಲ್ಲ. “ಅದು ಕೆಟ್ಟಿದೆ, ಯಾವಾಗ್ಲೂ ಉರೀತಾನೇ ಇರುತ್ತೆ, ಹೋಗಮ್ಮಾ.” “ಒಳಗಿರೋರು ಹೇಳ್ಲಿ, ಹೋಗ್ತೀನಿ.” ಕೊನೆಗೆ ಹಿರಿಯ ಅಧಿಕಾರಿಯೊಬ್ಬರು ತಾವೇ ಎದ್ದು ಬಂದು, ಯಾಕೆ ನಿಂತಿದ್ದೀಯ ಎಂದರಂತೆ. ಅಕ್ಕ ಮನೆಯ ಅಭ್ಯಾಸದಲ್ಲಿ ದೀಪದ ಕಡೆ ಬೆರಳು ಮಾಡಿ ಇಡೀ ಕಚೇರಿಗೆ ಕೇಳುವಂತೆ “ಕೆಂಪು!” ಎಂದು ಕೂಗಿಬಿಟ್ಟಳು. ಅವರು ದೀಪ ನೋಡಿದರು, ಅಕ್ಕನನ್ನು ನೋಡಿದರು, ಅಷ್ಟೇ ಗಟ್ಟಿಯಾಗಿ “ಕೆಂಪು!” ಎಂದರಂತೆ. ಅವರೂ ಹಿಂದೆ ರೈಲು ಓಡಿಸಿದವರೇ! ಆಮೇಲೆ ಒಳಗೆ ಕರೆದು ಕೇಳಿದ್ದಕ್ಕೆಲ್ಲ, ಪ್ರಶ್ನೆ ಪೂರ್ತಿ ಮುಗಿದ ಮೇಲೆಯೇ ಬಾಯಿ ತೆರೆದಳಂತೆ. ಫಲಿತಾಂಶ ಗೊತ್ತಾಗಿಲ್ಲ. ನೋಡಿಕೊಂಡು ಬರಲು ಈಗ ಕಚೇರಿಗೆ ಹೋಗಿದ್ದಾಳೆ.

ಅಜ್ಜಿ ನಿಮ್ಮ ತಲೆ ಸವರಿ ಹರಸಿದ್ದಾರೆಂದು ತಿಳಿಯಿರಿ.

ಇಂತಿ ನಿಮ್ಮ
ಗುಬ್ಬಚ್ಚಿ

ತಾಜಾ ಕಲಂ: ಲಕೋಟೆ ಅಂಟಿಸುವಷ್ಟರಲ್ಲಿ ಅಕ್ಕ ಕುಣಿಯುತ್ತಾ ಬಂದಳು. ಆಯ್ಕೆಯಾಗಿದ್ದಾಳೆ ಅಪ್ಪಾ! ನಿಮಗೆ ಎದುರಿಗೇ ಹೇಳಬೇಕಂತೆ, ನಾನು ಬರೆಯಕೂಡದಂತೆ. ಹಾಗಾಗಿ ಏನೂ ಗೊತ್ತಿಲ್ಲದವರ ಹಾಗೆ ಬನ್ನಿ. ಅವಳ ಸಮವಸ್ತ್ರ ಹೊಲಿಯುವವಳು ನಾನೇ. ಬಾಗಿಲಲ್ಲಿ ಕೆಂಪು ಇದ್ದರೆ ಅಕ್ಕ ಇನ್ನೂ ಗುಂಡಿ ಹಾಕಿಕೊಳ್ಳುತ್ತಿದ್ದಾಳೆಂದು ತಿಳಿದು ಹೊರಗೇ ನಿಂತಿರಿ. ಹಸಿರು ಕಂಡೊಡನೆ ಗಟ್ಟಿಯಾಗಿ ಕೂಗಿ. ಒಳಗಿಂದ ಅದಕ್ಕಿಂತ ಗಟ್ಟಿಯಾಗಿ ತಿರುಗಿ ಕೂಗುವವಳು ನಾನು, ಯಾರೋ ಎಂದು ಗಾಬರಿಯಾಗಬೇಡಿ.