ನಮ್ಮ ಕಂದು, ಗಡ್ಡೆಯ ಕಂದು

ಪ್ರಯೋಗಾಲಯ, ಎರಡನೆಯ ಮಹಡಿ
ಬುಧವಾರ, ಹನ್ನೊಂದನೆಯ ತಾರೀಕು

ಪ್ರೀತಿಯ ವಕೀಲಮ್ಮ,

ಚೆನ್ನಾಗಿದ್ದೀಯಾ? ಕತ್ತುನೋವು ಹೇಗಿದೆ? ಹೊಸ ಕೆಲಸದಲ್ಲಾದರೂ ನಿನ್ನ ಎತ್ತರಕ್ಕೆ ಒಪ್ಪುವ ಕುರ್ಚಿ ಸಿಕ್ಕಿತೇ? ಇಲ್ಲಿನ ನಿನ್ನ ಕುರ್ಚಿಯ ಒಂದು ಕಾಲಿನಡಿಯಲ್ಲಿ ನೀನು ಮಡಚಿಟ್ಟ ರಟ್ಟು ಹಾಗೆಯೇ ಇದೆ. ನಿನ್ನ ಅಪ್ಪನನ್ನು ವಿಚಾರಿಸಿದರೆ, "ನೀನೇ ಕೇಳಣ್ಣ, ಅವಳಿಗೂ ಬಾಯಿದೆ" ಎನ್ನುತ್ತಾನೆ. ಕೇಳುವ ಮುಖ ನನಗಿಲ್ಲದ್ದರಿಂದ ಬರೆಯುತ್ತಿದ್ದೇನೆ.

ನಾಳೆಯ ವೈದ್ಯರ ಸಭೆಗೆಂದು ಸಿದ್ಧಪಡಿಸಿದ ನನ್ನ ಭಾಷಣ, "ಸಭೆಗೆ ವಂದನೆ, ನೋಡುವುದನ್ನು ಕಲಿಸಿದ ಹಿರಿಯರಿಗೆ ಕೃತಜ್ಞತೆ" ಎಂದು ಆರಂಭವಾಗುತ್ತದೆ. ಅಲ್ಲಿಂದ ಮುಂದಕ್ಕೆ ನಾಲಿಗೆ ಏಳುತ್ತಿಲ್ಲ. ಚರ್ಮದ ಕ್ಯಾನ್ಸರಾದ ಮೆಲನೋಮಾ ಗಡ್ಡೆಗಳಲ್ಲಿ, ರೋಗದ ವೇಗವನ್ನು ಸೂಚಿಸುವ ಪ್ರೊಟೀನು ವಯಸ್ಸಾದವರಿಗಿಂತ ಕಿರಿಯರಲ್ಲಿ ಹೆಚ್ಚು ಎಂಬುದು ನಮ್ಮ ಪ್ರಬಂಧದ ತಿರುಳು. ಪ್ರೊಟೀನು ಇದ್ದಲ್ಲಿ ಕಂದು ಹಿಡಿಯುವಂತೆ ಸ್ಲೈಡುಗಳಿಗೆ ಬಣ್ಣ ಹಾಕಿಸಿದವನು ನಾನು, ಓದಿದವನೂ ನಾನು. ಆದರೆ ಅಂಥ ಗಡ್ಡೆಗಳಿಗೆ ತಮ್ಮದೇ ಕಂದು ಬಣ್ಣವೂ ಇರುತ್ತದಲ್ಲ. "ದೊಡ್ಡಪ್ಪ, ಈ ಕಂದು ನಮ್ಮದೋ, ಗಡ್ಡೆಯದೋ?" ಎಂದು ಕೇಳಿದವಳು, ಎಲ್ಲದಕ್ಕೂ ವಾದಿಸಿ ಇಲ್ಲಿ ವಕೀಲಮ್ಮ ಎನಿಸಿಕೊಂಡ ನೀನೊಬ್ಬಳೇ. ಕಂದಿನ ಬದಲು ಕೆಂಪು ಹಾಕಿದರೆ ಎರಡೂ ಬೇರೆಯಾಗಿ ಕಾಣುತ್ತವೆಂದು ಒಂದು ಸ್ಲೈಡನ್ನೂ ಮಾಡಿ ತಂದಿದ್ದೆ. ನಾನು ನೋಡಿ, ಎಲ್ಲರೆದುರು, "ಎಲ್ಲಾ ಒಂದೇ ಬಣ್ಣ ಕಣಮ್ಮ. ನಲವತ್ತು ವರ್ಷದಿಂದ ಇದನ್ನೇ ನೋಡ್ತಿದ್ದೀನಿ. ನಿನ್ನ ವಾದ ಮನೇಲಿಟ್ಕೋ" ಎಂದೆ. ಹುಡುಗರು ನಕ್ಕರು. ನೀನು ಬಿಳಿಯ ಕೋಟನ್ನು ಮಡಚಿ ಕುರ್ಚಿಯ ಮೇಲಿಟ್ಟು ಹೋದೆ.

ಕಳೆದ ವಾರ ನಿನ್ನ ಮೇಜಿನ ಖಾನೆಯಲ್ಲಿ ನಮ್ಮ ತಂತ್ರಜ್ಞೆಗೆ ಹನ್ನೆರಡು ಸ್ಲೈಡುಗಳು ಸಿಕ್ಕವು. ಎಲ್ಲವೂ ಕಿರಿಯರವು, ಎಲ್ಲದರ ಮೇಲೂ ನಿನ್ನ ಅಕ್ಷರದಲ್ಲಿ "ಬಣ್ಣ ಹಾಕಿಲ್ಲ" ಎಂದಿದೆ. ಆದರೂ ದಟ್ಟ ಕಂದು. ಅವೇ ಗಡ್ಡೆಗಳ ಬಗ್ಗೆ 'ಪ್ರೊಟೀನು ಹೇರಳ' ಎಂದು ಬರೆದವನು ನಾನು. "ಸರ್, ವಕೀಲಮ್ಮ ಕೇಸು ಗೆದ್ದರು" ಎಂದಳು ಆಕೆ. ಈ ಸಲ ಯಾರೂ ನಗಲಿಲ್ಲ. ನನ್ನ ಮಾತು ನಂಬಿ ಯಾವ ವೈದ್ಯರಾದರೂ ಇಪ್ಪತ್ತೈದು ವಯಸ್ಸಿನ ಒಬ್ಬರಿಗೆ ಬೇಡದ ಕಠಿಣ ಔಷಧ ಕೊಟ್ಟರೆ, ಅದನ್ನು ಕುಡಿಸಿದ ಕೈ ನನ್ನದೇ. ಬೆಳಿಗ್ಗೆ ಪ್ರಬಂಧವನ್ನು ಹಿಂತೆಗೆದುಕೊಂಡೆ. ನಾಳೆ ವಂದನೆಯ ನಂತರ ಓದುವುದು ನಿನ್ನ ಪ್ರಶ್ನೆಯನ್ನು ಮಾತ್ರ.

ದೊಡ್ಡಮ್ಮ ನಿನಗೆ ಆಶೀರ್ವಾದ ತಿಳಿಸಿದ್ದಾಳೆ. ನನಗೆ ಹೇಳಿದ್ದನ್ನು ಕಾಗದದಲ್ಲಿ ಬರೆಯುವಂತಿಲ್ಲ.

ತಲೆತಗ್ಗಿಸಿರುವ,
ದೊಡ್ಡಪ್ಪ

ತಾ.ಕ.: ನಿಜ ಹೇಳದೆ ಲಕೋಟೆ ಅಂಟಿಸಲಾರೆ. ತಂತ್ರಜ್ಞೆ ಕೆಂಪು ಹಾಕಿ ತಂದ ಸ್ಲೈಡು ಕೂಡ ನನಗೆ ಒಂದೇ ಬಣ್ಣವಾಗಿ ಕಂಡಿತು. ಎರಡೂ ಕಣ್ಣಿಗೆ ಪೊರೆ ಬಂದು ಎರಡು ವರ್ಷವಾಯಿತು. ಅಂದು ನಿನ್ನ ಸ್ಲೈಡು ನೋಡುವಾಗಲೂ ನನಗದು ಗೊತ್ತಿತ್ತು ಮಗಳೇ. ನನಗೆ ಕಾಣದು ಎನ್ನುವ ಬದಲು ನಿನಗೆ ತಿಳಿಯದು ಎಂದುಬಿಟ್ಟೆ. ಸಭೆಗೂ ಇದನ್ನು ಹೇಳುತ್ತೇನೆ. ಪ್ರಬಂಧದ ಎಂಬತ್ತಾರು ಗಡ್ಡೆಗಳನ್ನೂ ಮತ್ತೆ ಓದಬೇಕಾಗಿದೆ. ಹೊಸ ಕೆಲಸದವರು ವಾರಕ್ಕೊಂದು ದಿನ ಬಿಟ್ಟರೂ ಸಾಕು, ಸೋಮವಾರ ಬಾ. ನೀನು ನೋಡಿ ಹೇಳು, ನಾನು ಬರೆದುಕೊಳ್ಳುತ್ತೇನೆ. ಮೊದಲನೆಯದರಿಂದ ಶುರುಮಾಡೋಣ.