ಊರಿಗೆ ಹೇಳಿದ ಜ್ವರ

ಮಗಳೇ ರಾಧಿಕಾ,

ಓದಲು ನೀನಿಲ್ಲ, ಆದರೂ ಬೇರೆ ಯಾರಿಗೆ ಹೇಳಲಿ?

ಇವತ್ತು ಮನೆಗೆ ಸಂಶೋಧನೆ ಮಾಡುವ ಹುಡುಗಿಯೊಬ್ಬಳು ಬಂದಿದ್ದಳು. ಹರೆಯದ ಮಕ್ಕಳು ತಾವಾಗಿಯೇ ಜೀವ ಕಳೆದುಕೊಳ್ಳುವುದನ್ನು ತಡೆಯುವುದು ಹೇಗೆಂದು ಹತ್ತರಗಿಯ ಮನೆಮನೆಯಲ್ಲೂ ಕೇಳುತ್ತಿದ್ದಾಳೆ. ಹಾರ ಹಾಕಿದ ನಿನ್ನ ಫೋಟೋ ನೋಡಿ, "ಇವರಿಗೇನಾಗಿತ್ರಿ?" ಎಂದಳು.

"ಡೆಂಗ್ಯೂ ಬಂದಿತ್ತವಾ" ಎಂದರು ನಿಮ್ಮಪ್ಪ. ಊರಿಗೆಲ್ಲ ಹಾಗೇ ಹೇಳಿದ್ದೇವೆ. ನಿನ್ನ ತಂಗಿಗೆ ಗಂಡು ಸಿಗಬೇಕಲ್ಲ. ಚಹಾ ಸೋಸುತ್ತ ನಾನೂ ಹೂಂ ಎಂದೆ.

ಸಹಾಯವಾಣಿಯ ನಂಬರು ಕೊಟ್ಟು ಅವಳು ಹೊರಟಳು. ನಿನ್ನ ತಂಗಿ ಸಪ್ನಾ ಹಿಂದೆಯೇ ಓಡಿದಳು. ಬಾಗಿಲ ಮರೆಯಲ್ಲಿದ್ದ ನನಗೆ ಎಲ್ಲ ಕೇಳಿಸಿತು.

"ಮನ್ಯಾಗ ಗೊತ್ತಾಗದಂಗ ಈ ನಂಬರಿಗೆ ಫೋನ್ ಮಾಡಬಹುದೇನ್ರಿ?"

"ಮಾಡಬಹುದವಾ. ಯಾರ ಸಲುವಾಗಿ?"

"ನನ್ನ ಸಲುವಾಗಿರಿ."

ಒಳಗೆ ಬಂದವಳಿಗೆ, "ಏನ್ ಕೇಳಿದಿ?" ಎಂದೆ.

"ಏನಿಲ್ಲ ಬಿಡಬೇ" ಎಂದು ನಕ್ಕಳು.

ನಮ್ಮನ್ನು ಬಿಟ್ಟುಹೋದ ದಿನ ಬೆಳಿಗ್ಗೆ ನೀನೂ ಹೀಗೇ ನಕ್ಕಿದ್ದೆ.