ಕಿವಿಯಿರುವ ರೇಡಿಯೋ ತರುವ ಮುನ್ನ

ಗಜೇಂದ್ರಗಡ
ಫೆಬ್ರವರಿ ಮೂವತ್ತೊಂದು, ೨೨೧೯

ಮನೆಗೊಂದು ರೇಡಿಯೋ ಆರಿಸುತ್ತ ಕುಳಿತಿರುವ ಹಿರಿಯರಿಗೆ, ನಿಮ್ಮ ಮೊಮ್ಮಕ್ಕಳ ಮೊಮ್ಮಕ್ಕಳಿಗೂ ಆಚೆ ಹುಟ್ಟಿದ ದಾನವ್ವ ಮಾಡುವ ನಮಸ್ಕಾರಗಳು.

ತಾರೀಕು ನೋಡಿ, ಬರೆದವಳಿಗೆ ತಲೆ ಕೆಟ್ಟಿದೆ ಅಂದುಕೊಳ್ಳಬೇಡಿ. ನಮ್ಮಜ್ಜಿಯ ಕಾಲದಲ್ಲಿ ಕ್ಯಾಲೆಂಡರನ್ನು ರಿಪೇರಿ ಮಾಡಿದರು, ಆಗ ಫೆಬ್ರವರಿಗೂ ಪಾಪ ಉಳಿದ ತಿಂಗಳುಗಳಷ್ಟು ದಿನ ಸಿಕ್ಕವು. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ. ನಾವೆಲ್ಲ ಕ್ಷೇಮ. ನಿಮ್ಮ ಕ್ಷೇಮಕ್ಕೆ ಕಾಗದ ಬರೆಯಿರಿ ಅನ್ನುವಂತಿಲ್ಲ, ನೀವೆಲ್ಲ ತೀರಿಕೊಂಡು ಬಹಳ ಕಾಲವಾಯಿತು. ಇದನ್ನು ಹಿಮ್ಮುಖ ಅಂಚೆಗೆ, ಅಂದರೆ ಕಳೆದುಹೋದ ವರ್ಷಗಳಿಗೆ ಕಾಗದ ಒಯ್ಯುತ್ತೇವೆ ಎನ್ನುವವರ ಡಬ್ಬಿಗೆ ಹಾಕುತ್ತೇನೆ. ಅದು ನಿಮಗೆ ಮುಟ್ಟುತ್ತದೆ ಎಂದು ಅವರು ಆಣೆ ಮಾಡುತ್ತಾರೆ. ಆಣೆ ಮಾಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅನುಮಾನ.

ನಾನು ಮನೆಯಲ್ಲೇ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಕುಟ್ಟಿ ಮಾರುವವಳು. ಕೈಗೆ ಬಿಡುವಿಲ್ಲ, ಕಿವಿ ಮಾತ್ರ ದಿನವಿಡೀ ಖಾಲಿ. ಹಾಗಾಗಿ ರೇಡಿಯೋ ನಮ್ಮ ಮನೆಗೆ ಒಲೆಯಷ್ಟೇ ಮುಖ್ಯ. ನಮ್ಮ ಕಾಲದಲ್ಲಿ ರೇಡಿಯೋದಲ್ಲಿ ಎರಡೇ ಜಾತಿ. ಒಂದು ಒಮ್ಮುಖಿ. ಅದು ಉಪಗ್ರಹದಿಂದ ಇಳಿಯುತ್ತದೆ. ಮಾಳಿಗೆಯ ಮೇಲೆ ರೊಟ್ಟಿಯಗಲದ ತಟ್ಟೆಯೊಂದನ್ನು ತೆಂಕಣ ದಿಕ್ಕಿಗೆ ಮುಖ ಮಾಡಿ ಕೂರಿಸಿದರೆ ಸಾಕು. ಕೇಳುವವರು ಬದುಕಿದ್ದಾರೋ ಸತ್ತಿದ್ದಾರೋ ಅದಕ್ಕೆ ಗೊತ್ತಿಲ್ಲ, ತನ್ನ ಪಾಡಿಗೆ ಹಾಡಿಕೊಂಡು ಹೋಗುತ್ತದೆ. ಜೋರು ಮಳೆಯಾದರೆ ಬಿಕ್ಕುತ್ತದೆ, ತಟ್ಟೆಯ ಮೇಲೆ ಕಾಗೆ ಕೂತರೆ ಮುನಿಸಿಕೊಳ್ಳುತ್ತದೆ. ಇನ್ನೊಂದು ಇಮ್ಮುಖಿ. ನೀವು ಆನ್‌ಲೈನ್ ರೇಡಿಯೋ ಅನ್ನುತ್ತೀರಲ್ಲ, ಅದರ ವಂಶದ್ದು. ಅದಕ್ಕೆ ಬಾಯಿಯ ಜೊತೆ ಕಿವಿಯೂ ಇದೆ. ಮನೆಯಲ್ಲಿ ಯಾರಿದ್ದಾರೆ, ಯಾವ ಹಾಡಿಗೆ ಗುನುಗಿದರು, ಯಾವ ಹಾಡಿಗೆ ಎದ್ದು ಹೋದರು ಎಲ್ಲವನ್ನೂ ಕೇಳಿಸಿಕೊಂಡು ಅದಕ್ಕೆ ತಕ್ಕಂತೆ ಬಡಿಸುತ್ತದೆ.

ನಮ್ಮ ಮನೆಗೆ ಇಮ್ಮುಖಿ ಬಂದದ್ದು ನೀಲವ್ವ ಚಿಗವ್ವನ ಸಲುವಾಗಿ. ಚಿಗವ್ವ ನಮ್ಮವ್ವನ ತಂಗಿ. ಗಂಡ ತೀರಿದ ಮೇಲೆ ನನ್ನ ಜೊತೆಯೇ ಇದ್ದಾಳೆ, ಮಕ್ಕಳಿಲ್ಲ. ಮನೆದನಿ ಎನ್ನುವ ಕಂಪನಿಯ ಹೆಣ್ಣುಮಗಳೊಬ್ಬಳು ಬಂದು, ಅಜ್ಜಿಗೆ ಹೊತ್ತು ಹೋಗುತ್ತದೆ ಎಂದು ನಗುನಗುತ್ತ ಒಪ್ಪಿಗೆ ಕೇಳಿದಳು. ಒಪ್ಪಿಗೆ ಯಾವುದಕ್ಕೆ ಎಂದೆ. ಸೇವೆ ಚೆನ್ನಾಗಿ ಕೊಡುವುದಕ್ಕೆ ಎಂದಳು. ಒಪ್ಪಿಗೆಯಿಲ್ಲದೆ ಯಾರೂ ಚೆನ್ನಾಗಿ ಹಾಡುವುದಿಲ್ಲವೇ ಎಂದು ಕೇಳಬೇಕೆನಿಸಿತು, ಆದರೆ ಚಿಗವ್ವ ಆಗಲೇ ಹೂಂ ಎಂದಾಗಿತ್ತು. ನಾನು ಆ ಪೆಟ್ಟಿಗೆಯ ಕಿವಿಗೆ ಒಂದು ಒರೆಸುವ ಬಟ್ಟೆ ಹೊದಿಸಿದೆ. ಪಾಪ ಉಸಿರು ಕಟ್ಟೀತು ಎಂದು ಚಿಗವ್ವ ಅದನ್ನು ತೆಗೆದಿಟ್ಟಳು.

ಇಲ್ಲಿ ಚಿಗವ್ವನ ಗಾಯವೊಂದನ್ನು ಹೇಳಬೇಕು. ಅವಳಿಗೊಬ್ಬ ತಂಗಿ, ಚಂಪವ್ವ, ತಾಳಿಕೋಟೆಯಲ್ಲಿದ್ದಾಳೆ. ಹಲವು ವರ್ಷಗಳ ಹಿಂದೆ ಚಂಪವ್ವನ ಮಗಳ ಕುಬಸದಲ್ಲಿ, ಅಂದರೆ ಸೀಮಂತದಲ್ಲಿ, ಬಸುರಿಗೆ ಸೀರೆ ಉಡಿಸಿ ಉಡಿ ತುಂಬಲು ಮುತ್ತೈದೆಯರನ್ನು ಒಬ್ಬೊಬ್ಬರಾಗಿ ಕರೆದರು. ಮಕ್ಕಳಾಗದವಳು ಬೇಡ ಎಂದು ಹಿರಿಯಳೊಬ್ಬಳು ಗೊಣಗಿದಳು. ನಿಮ್ಮ ಕಾಲ ಮುಗಿದು ಇಷ್ಟು ವರ್ಷವಾದರೂ ಆ ಹುಚ್ಚು ನಮ್ಮನ್ನು ಬಿಟ್ಟಿಲ್ಲ. ಚಂಪವ್ವ ಒಂದು ಮಾತು ಆಡಿದ್ದರೆ ಸಾಕಿತ್ತು, ಸುಮ್ಮನಿದ್ದುಬಿಟ್ಟಳು. ಆಗಿನ್ನೂ ಮುತ್ತೈದೆಯಾಗಿದ್ದ ಚಿಗವ್ವ ಉಣ್ಣದೆ ಎದ್ದು ಬಂದಳು. ಅಕ್ಕ ಒಡಹುಟ್ಟಿದವಳ ಮನೆಯ ಅನ್ನ ಬಿಟ್ಟು ಹೋದಳೆಂದು ಚಂಪವ್ವನೂ ಮುಖ ತಿರುಗಿಸಿದಳು. ಅಂದಿನಿಂದ ಮಾತಿಲ್ಲ. ಈ ಕಥೆಯನ್ನು ಚಿಗವ್ವ ಅಡುಗೆಮನೆಯಲ್ಲಿ ಕೂತು, ಹಸಿರು ಸೀರೆಯಿಂದ ಹಿಡಿದು ಕೊನೆಯ ಹೋಳಿಗೆಯ ತನಕ, ನನಗೆ ಎಷ್ಟು ಸಲ ಹೇಳಿದ್ದಾಳೋ ಲೆಕ್ಕವಿಲ್ಲ.

ಮಧ್ಯಾಹ್ನ ಕೋರಿಕೆ ಕಾರ್ಯಕ್ರಮ ಬರುತ್ತದೆ. ಹಾಡಿಗಿಂತ ಹೆಸರು ಓದುವುದೇ ಹೆಚ್ಚು, ಅದು ನಿಮ್ಮಿಂದಲೇ ನಮಗೆ ಬಂದ ಚಾಳಿ. ಒಂದು ದಿನ ಅದರಲ್ಲಿ, ತಾಳಿಕೋಟೆಯ ಚಂಪವ್ವ ಅಕ್ಕ ನೀಲವ್ವನಿಗಾಗಿ ಕೇಳಿದ ಹಾಡು ಎಂದು ಬಂತು. ಚಿಗವ್ವ ಕೈಯಲ್ಲಿದ್ದ ಮೊರ ಕೆಳಗಿಟ್ಟು ಕೂತುಬಿಟ್ಟಳು. ಮರುದಿನವೂ ಬಂತು. ಆ ವಾರದಲ್ಲಿ ಚಿಗವ್ವನ ಊಟ ಹೆಚ್ಚಿತು, ನಡಿಗೆ ಚುರುಕಾಯಿತು, ಮಾಳಿಗೆ ಹತ್ತಿ ಸಂಡಿಗೆ ಒಣಗಿಸತೊಡಗಿದಳು. ನನಗೆ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ನಮ್ಮ ಚಂಪವ್ವ ಬಾಗುವ ಹೆಣ್ಣಲ್ಲ. ಅವಳು ಊರಿಗೆಲ್ಲ ಕೇಳುವಂತೆ ಅಕ್ಕ ಅಂದಾಳೆಂದರೆ ನನಗೆ ಗಂಟಲಲ್ಲಿ ಮುಳ್ಳು ಸಿಕ್ಕಂತಾಯಿತು.

ಆ ಮುಳ್ಳು ಹೊರಬಂದದ್ದು ಒಂದು ಸೀರೆಯಿಂದ. ಹಾಡಿನ ಜೊತೆ ಒಂದು ದಿನ ಸಂದೇಶವನ್ನೂ ಓದಿದರು: ಹಸಿರು ಸೀರೆಯ ಕುಬಸದ ದಿನ ನಿನ್ನನ್ನು ಕರೆಯದೆ ತಪ್ಪು ಮಾಡಿದೆ ಅಕ್ಕಾ, ಕ್ಷಮಿಸು. ಚಿಗವ್ವ ಸೆರಗು ಬಾಯಿಗೆ ಹಚ್ಚಿ ಅತ್ತಳು. ನಾನು ಮಾತ್ರ ಒನಕೆ ಹಿಡಿದು ನಿಂತೇಬಿಟ್ಟೆ. ಕುಬಸಕ್ಕೆ ಹಸಿರು ಸೀರೆ ಉಡಿಸುವುದು ಪದ್ಧತಿ ನಿಜ. ಆದರೆ ಆ ದಿನ ಹಸಿರು ಸೀರೆಯನ್ನು ಇಸ್ತ್ರಿ ಸುಟ್ಟಿತ್ತು. ಹುಡುಗಿ ಉಟ್ಟದ್ದು ದಾಳಿಂಬೆ ಬಣ್ಣದ್ದು. ಚಿಗವ್ವ ಸೀರೆ ಉಡಿಸುವ ಮೊದಲೇ ಎದ್ದು ಹೋಗಿದ್ದಳು, ಆದ್ದರಿಂದ ಪದ್ಧತಿಯ ಬಣ್ಣವನ್ನೇ ತನ್ನ ಕಥೆಗೆ ಸೇರಿಸಿಕೊಂಡಿದ್ದಳು. ನಾನು ಉಳಿದಿದ್ದೆ, ಕಣ್ಣಾರೆ ನೋಡಿದ್ದೆ. ಮಗಳ ಸೀರೆಯ ಬಣ್ಣವನ್ನು ಹೆತ್ತವಳು ತಪ್ಪು ಹೇಳುತ್ತಾಳೆಯೇ? ಹಸಿರು ಎಂದು ಹೇಳಿದ್ದು ಜಗತ್ತಿನಲ್ಲಿ ಒಬ್ಬಳೇ, ಹೇಳಿದ್ದು ನಮ್ಮ ಅಡುಗೆಮನೆಯಲ್ಲಿ, ಆ ಪೆಟ್ಟಿಗೆಯ ಎದುರಿಗೆ.

ಮರುದಿನ ಕೋರಿಕೆಯ ಹೊತ್ತಿಗೆ ಪಕ್ಕದ ಮನೆಯ ಮಾಬೂಬಿಯ ಅಂಗಳಕ್ಕೆ ಹೋದೆ. ಅವಳ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಅವಳದೂ ಮನೆದನಿ, ಅದೇ ಸ್ಟೇಷನ್, ಅದೇ ನಿರೂಪಕಿಯ ದನಿ. ನಮ್ಮ ಕಿಟಕಿಯಿಂದ ತಾಳಿಕೋಟೆಯ ಚಂಪವ್ವ ಎಂದು ಕೇಳಿದ ಕ್ಷಣದಲ್ಲೇ, ಇತ್ತ ಅದೇ ದನಿ ಸಿಂಧನೂರಿನ ಶಾಹಿನಾ ಎಂದಿತು. ಶಾಹಿನಾ ಮಾಬೂಬಿಯ ಮುನಿಸಿಕೊಂಡ ಮಗಳು. ಒಬ್ಬಳೇ ಹೆಂಗಸು ಒಂದೇ ಉಸಿರಿನಲ್ಲಿ ಎರಡು ಮನೆಗೆ ಎರಡು ಹೆಸರು ಹೇಳುತ್ತಿದ್ದಳು. ನೊಂದವರ ಮನೆಯ ಮಾತನ್ನು ಕದ್ದು, ಅದಕ್ಕೇ ಒಗ್ಗರಣೆ ಹಾಕಿ ಅವರಿಗೇ ಬಡಿಸುತ್ತಾರಲ್ಲ, ಇವರ ಬಾಯಿಗೆ ಮಣ್ಣು ಹಾಕ.

ಆ ವಾರವೇ ಇಮ್ಮುಖಿಯನ್ನು ಹೊರಗಟ್ಟಿ ಒಮ್ಮುಖಿ ಹಾಕಿಸಿದೆ. ಪೆಟ್ಟಿಗೆ ಕೆಟ್ಟಿದೆ ಎಂದಷ್ಟೇ ಚಿಗವ್ವನಿಗೆ ಹೇಳಿದೆ. ಒಮ್ಮುಖಿಯ ಸುಖ ಬೇರೆಯೇ. ಬೆಳಿಗ್ಗೆ ವಚನ, ಆಮೇಲೆ ಮೆಣಸಿನಕಾಯಿ ಪೇಟೆಯ ಧಾರಣೆ, ಊಟದ ಹೊತ್ತಿಗೆ ಹಳೆಯ ಸಿನಿಮಾ ಹಾಡು, ಸಂಜೆ ಸಿತಾರು. ನನಗೆ ಸೇರದ ಹಾಡೂ ಬರುತ್ತದೆ, ಬೈದುಕೊಳ್ಳುತ್ತ ಕೇಳಿದರೆ ಎಷ್ಟೋ ಸಲ ಅದೇ ಬಾಯಿಗೆ ಹತ್ತುತ್ತದೆ. ನಾನು ಹಾಕಿಸಿದ್ದು ನೋಡಿ ಓಣಿಯ ಮೂರ್ನಾಲ್ಕು ಮನೆಯವರೂ ತಟ್ಟೆ ಹಾಕಿಸಿದರು. ಈಗ ಕಿರಾಣಿ ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಹಾಡಿನ ಒಂದು ಸಾಲೂ ತಪ್ಪುವುದಿಲ್ಲ, ಒಂದು ಮನೆಯಲ್ಲಿ ಬಿಟ್ಟದ್ದು ಮುಂದಿನ ಮನೆಯಲ್ಲಿ ಸಿಗುತ್ತದೆ.

ಚಿಗವ್ವ ಮಾತ್ರ ಒಮ್ಮುಖಿಯ ಕೋರಿಕೆಯ ಹೊತ್ತಿಗೂ ಕಿವಿ ನಿಮಿರಿಸಿ ಕೂರುತ್ತಿದ್ದಳು. ಯಾರ್ಯಾರದೋ ಹೆಸರು ಬರುತ್ತಿತ್ತು, ತಂಗಿಯ ಹೆಸರು ಬರಲಿಲ್ಲ. ಊಟ ಮತ್ತೆ ಇಳಿಯಿತು. ಕೊನೆಗೊಂದು ಬೆಳಿಗ್ಗೆ, ಚಂಪಿ ಹಾಸಿಗೆ ಹಿಡಿದಿರಬೇಕು, ಇಲ್ಲದಿದ್ದರೆ ಇಷ್ಟು ದಿನ ಸುಮ್ಮನಿರುವವಳಲ್ಲ ಎಂದು ತಾಳಿಕೋಟೆಗೆ ಹೊರಟೇಬಿಟ್ಟಳು. ತಂಗಿಯ ಕುಪ್ಪಸಕ್ಕೆಂದು ಗುಳೇದಗುಡ್ಡದ ಖಣವೊಂದನ್ನು ಮಡಚಿ ಚೀಲಕ್ಕಿಟ್ಟಳು. ನಾನೂ ಬೆನ್ನು ಹತ್ತಿದೆ. ಗಾಳಿಬಸ್ಸಿನಲ್ಲಿ, ಅಂದರೆ ನಮ್ಮ ಗುಡ್ಡದ ಗಾಳಿಕಂಬಗಳು ಚಾರ್ಜು ತುಂಬುವ ಬಸ್ಸಿನಲ್ಲಿ, ದಾರಿಯುದ್ದಕ್ಕೂ ನಿಜ ಹೇಳಬೇಕೆಂದುಕೊಂಡೆ. ಅವಳ ಮುಖ ನೋಡಿ, ಮುಂದಿನ ಊರು ದಾಟಲಿ ಎಂದುಕೊಳ್ಳುತ್ತಿದ್ದೆ. ಕ್ಷಮೆ ಕೇಳಿದವಳ ಮನೆಗೆ ಎಂದು ಹೋಗುತ್ತಿದ್ದಾಳೆ, ಅಲ್ಲಿ ಬಾಗಿಲು ಮುಖಕ್ಕೆ ಬಡಿದರೆ ಈ ಜೀವ ಮತ್ತೆ ಏಳುವುದಿಲ್ಲ ಎಂದು ನನಗೆ ಹೆದರಿಕೆ.

ಬಾಗಿಲು ಬಡಿಯಲಿಲ್ಲ. ಚಂಪವ್ವ ಗುಂಡುಕಲ್ಲಿನಂತೆ ಗಟ್ಟಿಮುಟ್ಟಾಗಿ ಬಾಗಿಲಲ್ಲೇ ನಿಂತಿದ್ದಳು. ಅವಳು ಹೇಳಿದ್ದನ್ನು ಇದ್ದಂತೆಯೇ ಬರೆಯುತ್ತೇನೆ: "ಬಾ ಅಕ್ಕಾ. ನೀ ರೇಡಿಯೋದಾಗ ಅಷ್ಟು ಬೇಡಿಕೊಂಡ ಮ್ಯಾಲೆ ನಾ ಇನ್ನೂ ಸಿಟ್ಟು ಹಿಡಕೊಂಡು ಕುಂಡ್ರಲೇನು?"

ಚಿಗವ್ವ ಹೊಸ್ತಿಲ ಹೊರಗೇ ನಿಂತಳು. "ನಾ ಎಲ್ಲಿ ಬೇಡಿಕೊಂಡೇನಿ? ಬೇಡಿಕೊಂಡಾಕಿ ನೀ."

ಪಡಸಾಲೆಯ ಗೂಡಿನಲ್ಲಿ ಮನೆದನಿಯ ಪೆಟ್ಟಿಗೆ ಕೂತಿತ್ತು. ಆಗ ನನಗೆ ಅರ್ಥವಾಯಿತು. ಅಲ್ಲಿಯ ಅಳಲನ್ನು ಇಲ್ಲಿಗೆ, ಇಲ್ಲಿಯದನ್ನು ಅಲ್ಲಿಗೆ ಒಯ್ಯುವ ಕಷ್ಟವನ್ನೂ ಅದು ತೆಗೆದುಕೊಂಡಿರಲಿಲ್ಲ. ಆಯಾ ಮನೆಗೆ ಬೇಕಾದದ್ದನ್ನು ಅಲ್ಲಲ್ಲೇ ಬೇಯಿಸಿ ಹಾಕಿತ್ತು. ಚಂಪವ್ವನನ್ನು ಮಗಳು ಉಟ್ಟ ಸೀರೆಯ ಬಣ್ಣ ಯಾವುದೆಂದು ಕೇಳಿದೆ. ದಾಳಿಂಬೆ ಎಂದಳು, ತಡವರಿಸದೆ. ನಾನು ಎಲ್ಲವನ್ನೂ ಬಿಡಿಸಿ ಹೇಳಿದೆ. ಇಬ್ಬರೂ ಹಳೆಯ ಸಿಟ್ಟಿಗೆ ಹೊಸ ಅವಮಾನ ಸೇರಿಸಿಕೊಂಡು ದನಿ ಏರಿಸತೊಡಗಿದರು.

ಆಗ ಗೂಡಿನ ಪೆಟ್ಟಿಗೆ, ಯಾರೂ ಕೇಳದೆ, ಮೆಲ್ಲಗೆ ಹಾಡತೊಡಗಿತು. ಅದು ಇವರ ಅವ್ವ ತೊಟ್ಟಿಲು ತೂಗುವಾಗ ತಾನೇ ಕಟ್ಟಿ ಹಾಡುತ್ತಿದ್ದ ಜೋಗುಳ. ಯಾವ ಸ್ಟೇಷನ್ನಿನಲ್ಲೂ ಬಂದದ್ದಲ್ಲ, ಈ ಅಕ್ಕತಂಗಿಯರು ಕೆಲಸದ ನಡುವೆ ಗುನುಗಿಕೊಳ್ಳುವುದಷ್ಟೇ. ಚಂಪವ್ವನ ಕಣ್ಣು ತುಂಬಿದವು. ಇಬ್ಬರೂ ಕರಗುತ್ತಿದ್ದರು, ನಾನೂ. ಚಿಗವ್ವ ಒಳಗೆ ಬಂದು ಅದರ ವೈರು ಕಿತ್ತಳು.

"ಇನ್ನ ನೀ ಹೇಳು," ಎಂದಳು. "ನಿನ್ನ ಬಾಯಿಲೆ ಹೇಳು."

ಚಂಪವ್ವ ಅಡುಗೆಮನೆಗೆ ಹೋದಳು, ರೊಟ್ಟಿ ಬಡಿಯುವ ಸಪ್ಪಳ ಕೇಳಿಸಿತು. ತಾಟು ತಂದು ಅಕ್ಕನ ಮುಂದಿಟ್ಟು, "ಅವತ್ತು ಉಣ್ಣದ ಹೋದಿ. ಇವತ್ತು ಉಂಡು ಹೋಗು," ಎಂದಳು. ಚಿಗವ್ವ ಉಂಡಳು. ಹೊರಡುವಾಗ ಆ ಖಣವನ್ನು ತಂಗಿಗೆ ಕೊಡದೆ, ಪೆಟ್ಟಿಗೆಯ ಕಿವಿಗೆ ಬಿಗಿಯಾಗಿ ಹೊದಿಸಿ ಬಂದಳು. ಬಸ್ಸಿನಲ್ಲಿ ಕಿಟಕಿಯಾಚೆ ನೋಡುತ್ತ, "ತಪ್ಪಾತು ಅಂತ ಒಂದು ಮಾತು ಅನ್ನಲಿಲ್ಲ ನೋಡು. ಖರೇನ ಚಂಪೀನ ಅಕಿ," ಎಂದಳು. ಅಷ್ಟು ಸಮಾಧಾನದ ಮುಖವನ್ನು ನಾನು ಕೋರಿಕೆಯ ದಿನಗಳಲ್ಲೂ ನೋಡಿರಲಿಲ್ಲ.

ಆ ಸುಳ್ಳು ಇಲ್ಲದಿದ್ದರೆ ಇವರಿಬ್ಬರು ಸೇರುತ್ತಿದ್ದರೇ ಎಂದು ಮಾಬೂಬಿ ಕೇಳುತ್ತಾಳೆ. ಅವಳು ಇನ್ನೂ ಇಮ್ಮುಖಿ ಬಿಟ್ಟಿಲ್ಲ, ಸುಳ್ಳೆಂದು ತಿಳಿದೂ ಶಾಹಿನಾಳ ಹೆಸರು ಕೇಳುತ್ತ ಕೂರುತ್ತಾಳೆ. ಆ ಕಂಪನಿಯ ಮೇಲೆ ನನಗಿರುವ ಸಿಟ್ಟಿನಲ್ಲಿ ಅರ್ಧ, ಅವಳು ಈ ಪ್ರಶ್ನೆ ಕೇಳುವ ಹಾಗೆ ಮಾಡಿದ್ದಕ್ಕೇ.

ನಿಮ್ಮಲ್ಲಿ ನನ್ನ ಬೇಡಿಕೆ ಚಿಕ್ಕದು. ಹಾಡು ಎಷ್ಟಿವೆ, ದನಿ ಎಷ್ಟು ಸ್ವಚ್ಛ ಎಂದು ಆಮೇಲೆ ನೋಡಿ. ಮೊದಲು ಗೋಡೆಯ ಪಕ್ಕ ನಿಂತು, ಪಕ್ಕದ ಮನೆಗೂ ಇದೇ ಕೇಳಿಸುತ್ತಿದೆಯೇ ಎಂದು ಕಿವಿಗೊಡಿ. ಈ ಕಾಗದಕ್ಕೂ ಅದೇ ಮಾತು. ಹಿಮ್ಮುಖ ಅಂಚೆಯನ್ನು ಕಳೆದ ತಿಂಗಳು ಮನೆದನಿಯವರೇ ಕೊಂಡುಕೊಂಡಿದ್ದಾರಂತೆ. ಆದ್ದರಿಂದ ಇದನ್ನು ಒಬ್ಬರೇ ಓದಿ ನಂಬಬೇಡಿ. ಪಕ್ಕದವರಿಗೂ ಕಾಗದ ಬಂದಿದ್ದರೆ, ಆ ಸೀರೆಯ ಬಣ್ಣ ಅದರಲ್ಲಿ ಏನಿದೆಯೆಂದು ಕೇಳಿ. ಇಬ್ಬರದರಲ್ಲೂ ದಾಳಿಂಬೆ ಎಂದಿದ್ದರೆ ಬರೆದವಳು ನಾನೇ. ಬೇರೆ ಬೇರೆ ಇದ್ದರೆ ಎರಡನ್ನೂ ಒಲೆಗೆ ಹಾಕಿ, ಅದರ ಮೇಲೊಂದು ರೊಟ್ಟಿ ಸುಟ್ಟು, ಇಬ್ಬರೂ ಕೂತು ಉಣ್ಣಿ.

ನಿಮ್ಮ
ದಾನವ್ವ